ಕೌದಿ ಹೊದ್ದ ಚಾರ್ಜರ್

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ನಿಮಗೆ ತಿಳಿದರೆ ಅವಮಾನ ಇನ್ನೂ ಹೆಚ್ಚು. ಉಷ್ಣದ ಪಾಠವನ್ನಂತೂ ಪುಸ್ತಕ ತೆರೆಯದೆ ಮಾಡುತ್ತಿದ್ದೆ. ಅಂಥ ನನ್ನ ಹುಬ್ಬಳ್ಳಿ ಗೋಪನಕೊಪ್ಪದ ಮನೆಯಲ್ಲಿ ಹೊಸ ಎಲೆಕ್ಟ್ರಿಕ್ ಕಾರು ಚಾರ್ಜ್ ಆಗಲು ಎರಡೆರಡು ದಿನ ತೆಗೆದುಕೊಳ್ಳತೊಡಗಿತು.

ಕಾರು ಕೊಂಡದ್ದೇ ಹೆಂಡತಿ ಶಾಂತಾಳಿಗೆ ಕೊಟ್ಟ ಮಾತಿಗಾಗಿ. ಆಕೆಯ ತವರು ರೋಣದ ಕಡೆ. ಪಂಚಮಿ ಹಬ್ಬಕ್ಕೆ ಆಕೆ ಅಲ್ಲಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಪ್ರತಿ ಶ್ರಾವಣಕ್ಕೂ ನಾನೇ ಅಡ್ಡ ನಿಲ್ಲುತ್ತಿದ್ದೆ: ಬಸ್ಸಿನಲ್ಲಿ ಗದ್ದಲ, ಹೊರಗೆ ಮಳೆ, ನಿನ್ನ ಮೊಣಕಾಲು ಬೇರೆ. ಜ್ವಾಕಿ ಮಾಡುವುದರಲ್ಲಿ, ಅಂದರೆ ಜೋಪಾನ ಮಾಡುವುದರಲ್ಲಿ, ನನ್ನನ್ನು ಮೀರಿಸಿದವರಿಲ್ಲ. ನಮ್ಮ ಟಿವಿ ರಿಮೋಟು ಇಂದಿಗೂ ಪ್ಲಾಸ್ಟಿಕ್ ಹಾಳೆಯೊಳಗಿದೆ. ಸೋಫಾಕ್ಕೆ ಒಂದು ಹೊದಿಕೆ, ಆ ಹೊದಿಕೆ ಹೊಲಸಾಗಬಾರದೆಂದು ಅದರ ಮೇಲೊಂದು. ಸೋಫಾದ ಬಣ್ಣ ಯಾವುದೆಂದು ಯಾರಾದರೂ ಕೇಳಿದರೆ ಎರಡನ್ನೂ ಎತ್ತಿ ನೋಡಿಯೇ ಹೇಳಬೇಕು. ಇರಲಿ, "ಈ ಪಂಚಮಿಗೆ ನಮ್ಮ ಗಾಡ್ಯಾಗ ಹೋಗೂಣು" ಎಂದು ಯುಗಾದಿಗೇ ಹೇಳಿದ್ದೆ. ಆಕೆ ಅಂದಿನಿಂದ ದಿನ ಎಣಿಸುತ್ತಿದ್ದಳು.

ಮೊದಮೊದಲು ಕಾರು ನಿಲ್ಲಿಸುವ ಶೆಡ್ಡಿನ ಗೋಡೆಯ ಮೇಲಿನ ಚಾರ್ಜರ್ ಡಬ್ಬಿ ಎಂಟು ತಾಸಿನಲ್ಲಿ ಕಾರಿನ ಹೊಟ್ಟೆ ತುಂಬಿಸುತ್ತಿತ್ತು. ನನ್ನ ಪೆಟ್ರೋಲ್ ಬಂಕು ನನ್ನ ಗೋಡೆಯಲ್ಲೇ ಇದೆ ಎಂದು ಓಣಿಗೆಲ್ಲ ಡಂಗುರ ಸಾರಿದೆ. ಆಷಾಢದ ಜಿಟಿಜಿಟಿ ಮಳೆ ಹಿಡಿಯಿತು. ಹನಿ ಸಿಡಿಯಬಾರದೆಂದು ಡಬ್ಬಿಗೆ ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿದ ಒಂದು ಕೌದಿ ಹೊದಿಸಿದೆ. ಚಾರ್ಜಿಂಗ್ ನಿಧಾನವಾಯಿತು. ಸಾಕೆಟ್ ಬದಲಿಸಿದೆ, ವೋಲ್ಟೇಜ್ ಅಳೆದೆ. ಪಕ್ಕದ ಮನೆಯ ನೀರಿನ ಪಂಪಿನ ಮೇಲೆ ಸಂಶಯ ಬಂದು ಅವರೊಂದಿಗೆ ಎರಡು ದಿನ ಮಾತು ಬಿಟ್ಟೆ. ಪಾಪ, ಅವರಿಗೆ ಅದು ಗೊತ್ತೂ ಆಗಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಓದಿದೆ, ಥಂಡಿಗೆ ಚಾರ್ಜಿಂಗ್ ನಿಧಾನವಾಗುತ್ತದಂತೆ. ಬರೆದವನು ಹಿಮ ಬೀಳುವ ದೇಶದವನು. ಹುಬ್ಬಳ್ಳಿಯ ಶ್ರಾವಣಕ್ಕೇ ಸ್ವೆಟರ್ ಹಾಕುವ ನನಗೆ ಅದು ಖರೆ ಅನ್ನಿಸಿತು. ಅಟ್ಟದ ಟ್ರಂಕಿನಿಂದ ಇನ್ನೊಂದು ದಪ್ಪ ಕೌದಿ ತಂದು ಡಬ್ಬಿಗೆ ಬೆಚ್ಚಗೆ ಸುತ್ತಿದೆ. ಚಾರ್ಜಿಂಗ್ ಇನ್ನೂ ನಿಧಾನವಾಯಿತು. ಥಂಡಿ ಹೆಚ್ಚಾಗಿರಬೇಕು ಅಂದುಕೊಂಡೆ.

ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಅಂದು ಬೆಳಿಗ್ಗೆ ಶಾಂತಾ ಇಳಕಲ್ ಸೀರೆ ಉಟ್ಟು, ಹಬ್ಬದ ಶೇಂಗಾ ಉಂಡಿಯ ಡಬ್ಬಿ, ಬ್ಯಾಗು ಹಿಡಿದು ಕಾರಿನ ಪಕ್ಕ ಬಂದು ನಿಂತಳು. ಹಿಂದಿನ ದಿನವೇ ಪ್ಲಗ್ ಹಾಕಿದ್ದರೂ ಕಾರು ಇಪ್ಪತ್ತಮೂರು ಪರ್ಸೆಂಟು ತೋರಿಸುತ್ತಿತ್ತು. ಉಣಕಲ್ ಹತ್ತಿರ ಫಾಸ್ಟ್ ಚಾರ್ಜರ್ ಇತ್ತು, ಆದರೆ ಡಂಗುರ ಸಾರಿದವನು ಅಲ್ಲಿ ಸಾಲಿನಲ್ಲಿ ನಿಲ್ಲುವುದುಂಟೇ? ಮೋಟರ್ ರಿಪೇರಿ ಅಂಗಡಿಯ ದಾದಾಪೀರನನ್ನು ಕರೆಸಿದೆ. ಒಂದು ಕಾಲಕ್ಕೆ ನನ್ನ ಕ್ಲಾಸಿನ ಕೊನೆಯ ಬೆಂಚಿನವನು.

ಅವನು ಟೆಸ್ಟರ್ ಹೊರಗೆ ತೆಗೆಯಲೇ ಇಲ್ಲ. ಎರಡೂ ಕೌದಿ ಎಳೆದು, ಡಬ್ಬಿಗೆ ಅಂಗೈಯ ಹಿಂಬದಿ ತಾಗಿಸಿ, ಕೈ ಜಾಡಿಸಿದ.

"ಇದರ ಮ್ಯಾಲ ಹಬ್ಬದ ರೊಟ್ಟಿ ಸುಡಬಹುದ್ರಿ ಸರ್. ಕಾದರ ಇದು ಸುಟ್ಟು ಹೋಗಬಾರದಂತ ತಾನ ಕರೆಂಟ್ ಕಡಿಮಿ ಮಾಡ್ಕೋತೈತ್ರಿ." ಆಮೇಲೆ ತುಸು ಸಂಕೋಚದಿಂದ, "ಕೌದಿ ತಾನ ಬಿಸಿ ಇರೂದಿಲ್ಲ, ಒಳಗಿನ ಬಿಸಿ ಹೊರಗ ಬಿಡೂದಿಲ್ಲ ಅಂತ ನೀವ ಕಲಿಸಿದ್ರಿ" ಎಂದ.

ಕಲಿಸಿದ್ದೆ, ಪ್ರತಿ ವರ್ಷ, ಇದೇ ಕೌದಿಯ ಉದಾಹರಣೆ ಕೊಟ್ಟು. ಆ ಪಾಠದ ಪರೀಕ್ಷೆಯಲ್ಲಿ ಅವನನ್ನು ಫೇಲ್ ಮಾಡಿದವನೂ ನಾನೇ.

ಶಾಂತಾ ದಪ್ಪ ಕೌದಿಯನ್ನು ಕೈಗೆತ್ತಿಕೊಂಡಳು. "ಇದು ನಮ್ಮವ್ವ ಹೊಲಿದದ್ದು. ಎಂಟ ದಿನಾತು ಹುಡುಕಾಕತ್ತೇನಿ." ಸಿಟ್ಟು ಮಾಡಲಿಲ್ಲ. ಮಡಚಿ ಬ್ಯಾಗಿಗೆ ಹಾಕಿ ದಾದಾಪೀರನನ್ನು ಕೇಳಿದಳು: "ಇನ್ನೂ ಎಷ್ಟೊತ್ತಪಾ?"

"ನಾಕೈದು ತಾಸು ಬೇಕ್ರಿ ಅಮ್ಮಾರ."

"ಹಂಗಾದರ ನಾ ಬಸ್ಸಿಗೆ ಹೊಂಟೆ."

"ಮಳಿ ಐತಿ, ಬಸ್ಸಿನ್ಯಾಗ ಗದ್ದಲ, ನಿನ್ನ ಮೊಣಕಾಲು..." ಎಂದು ನಾನು ಸುರು ಮಾಡಿದೆ.

"ಹನ್ನೊಂದು ವರ್ಷ ನನಗೂ ಹಿಂಗ ಹೊಚ್ಚಿ ಇಟ್ಟೀರಿ, ಜ್ವಾಕಿ ಅನ್ಕೋತ" ಎಂದು ಮೆಲ್ಲಗೆ ಹೇಳಿ ಆಟೋ ಹತ್ತಿದಳು. ದಾದಾಪೀರ ತನ್ನ ಸ್ಕ್ರೂಡ್ರೈವರನ್ನೇ ನೋಡುತ್ತ ನಿಂತ.

ಬರಿಮೈಯ ಡಬ್ಬಿ ಆರಿದ ಮೇಲೆ ಹಳೆಯ ಹುರುಪಿನಿಂದ ಕೆಲಸ ಮಾಡಿತು. ಆ ನಾಲ್ಕು ತಾಸು ನಾನು ಅದರ ಎದುರೇ ಕುಳಿತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಹನ್ನೊಂದು ಪಂಚಮಿಗಳನ್ನು ಎಲ್ಲಿಂದ ತಂದು ಕೊಡಲಿ?

ಸಂಜೆಯೊಳಗೆ ರೋಣ ದಾಟಿ ಆಕೆಯ ಊರು ಮುಟ್ಟಿದೆ. ಆಕೆಯ ಅಣ್ಣನ ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಕಟ್ಟೆಯ ಮೇಲೆ ಅವ್ವನ ಕೌದಿ ಹಾಸಿತ್ತು. ಶಾಂತಾ ಮತ್ತು ಆಕೆಯ ಅಕ್ಕ, ಅರವತ್ತು ದಾಟಿದ ಇಬ್ಬರೂ, ಸೆರಗು ಸಿಕ್ಕಿಸಿ ಎದುರುಬದುರು ನಿಂತು ಜೀಕುತ್ತಿದ್ದರು. ಮೊಣಕಾಲಿಗೆ ಏನೂ ಆದಂತೆ ಕಾಣಲಿಲ್ಲ. ಜೋಕಾಲಿ ಮೇಲೇರಿದಾಗ ಕೊಂಬೆ ಕಿರ್ ಅಂದಿತು.

"ಬಂದ್ರೇನು?" ಎಂದು ಆಕೆ ಮೇಲಿನಿಂದಲೇ ಕೂಗಿದಳು. "ನೋಡ್ಕೋತ ಏನ್ ನಿಂತೀರಿ? ಜೋರಾಗಿ ತೂಗ್ರಿ!"

'ಜ್ವಾಕಿ' ಎಂಬ ಮಾತು ಗಂಟಲ ತನಕ ಬಂದಿತ್ತು. ನುಂಗಿದೆ. ಹತ್ತಿರ ಹೋಗಿ ತೂಗಿದೆ, ಮೊದಲು ತುಸು ಮೆಲ್ಲಗೆ. ನನಗೂ ರೂಢಿಯಾಗಬೇಕಲ್ಲ.