ಆಟಗಾರ ಎರಡು

ನನ್ನ ಸಿಟ್ಟು ಬೆಟಗೇರಿಯಲ್ಲಿ ಎಲ್ಲರಿಗೂ ಗೊತ್ತು. ಗದಗಿನ ಪ್ರೆಸ್ಸೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವಳು ನಾನು. ಲಗ್ನಪತ್ರಿಕೆ ಇರಲಿ, ಪಂಚಾಂಗ ಇರಲಿ, ನನ್ನ ಕೆಂಪು ಪೆನ್ನು ಮುಟ್ಟದ ಕಾಗದ ಅಲ್ಲಿಂದ ಹೊರಗೆ ಬೀಳುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲಾದರೂ ಕೈ ಸುಮ್ಮನಿರಬೇಕಲ್ಲ? ಇರಲಿಲ್ಲ. ಅಂಥ ಹೊತ್ತಿಗೆ ಈ ಆಟದವರು ಗಂಟುಬಿದ್ದರು.

ಏಳೆಂಟು ಜನ ಸೇರಿ, ಯಾರಿಂದಲೂ ಏನನ್ನೂ ಬಯಸದೆ, ಕನ್ನಡದಲ್ಲಿ ಒಂದು ಆಟ ಕಟ್ಟುತ್ತಿದ್ದರು. ಮೇಜಿನ ಸುತ್ತ ಕೂತು ಆಡುವಂಥದ್ದು. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗಿನ ಜನರಾಗಿ ಮಾತಾಡುತ್ತಾರೆ, ಮುಂದೇನಾಗುತ್ತದೋ ಗೊತ್ತಿಲ್ಲದ ಕಡೆ ದಾಳ ಉರುಳಿಸುತ್ತಾರೆ. ನಮ್ಮ ಆಟದಲ್ಲಿ ಎಲ್ಲರೂ ಹಳೆಯ ಕಾಲದ ವ್ಯಾಪಾರಿಗಳು. ಎತ್ತಿನ ಮೇಲೆ ಸರಕು ಹೇರಿಕೊಂಡು ಕಪ್ಪತಗುಡ್ಡ ಬಳಸಿ, ಮುಂಡರಗಿ ದಾಟಿ, ಸಿಂಗಟಾಲೂರಿನ ಹೊಳೆಗೆ ಇಳಿಯುವವರು. ಈ ಆಟ ಕಲಿಸುವ ಪುಸ್ತಕಕ್ಕೆ ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆಯುತ್ತಿದ್ದರು. ಒಬ್ಬರ ಬರಹ ಏರಿಗೆಳೆದರೆ ಇನ್ನೊಬ್ಬರದು ನೀರಿಗೆಳೆಯುತ್ತಿತ್ತು. "ಅಕ್ಕಾರ, ಇದಕ್ಕೊಂದು ಲಗಾಮು ಹಾಕಿ ಕೊಡ್ರಿ" ಅಂದರು.

ಹಾಕಿದೆ. ಹನ್ನೊಂದು ಪುಟದ ಲಗಾಮು. ಆಟ ಹೇಗೆ ನಡೆಯುತ್ತದೆಂದು ತೋರಿಸುವ ಉದಾಹರಣೆ ಐದು ಸಾಲು ಮೀರಬಾರದು. ಅದರಲ್ಲಿ ಮಾತಾಡುವವರಿಗೆ ಹೆಸರು ಬೇಡ, "ಆಟಗಾರ ಒಂದು", "ಆಟಗಾರ ಎರಡು" ಅಂದರೆ ಸಾಕು. ವಿಷಯ ಬಿಟ್ಟು ಅತ್ತಿತ್ತ ಹೋಗುವ ಮಾತಿಗೆ ಜಾಗವಿಲ್ಲ. ಮಾತೆಲ್ಲ ಪುಸ್ತಕದ ಭಾಷೆಯಲ್ಲೇ ಇರಬೇಕು. "ಇದು ಆಟ ಅಲ್ರಿ ಅಕ್ಕಾರ, ಪೊಲೀಸ್ ಠಾಣೆ" ಎಂದು ನಕ್ಕರು. ನಗಲಿ ಬಿಡಿ ಅಂದುಕೊಂಡೆ. ಕೊನೆಯ ಪುಟದಲ್ಲಿ ಪ್ರೆಸ್ಸಿನ ರೂಢಿಯನ್ನೂ ಸೇರಿಸಿದ್ದೆ: ತಿದ್ದಿದ ಪ್ರತಿ ಸಿದ್ಧವಾದ ಮೇಲೆ ಕೈಬರಹ ರದ್ದಿಗೆ ಹೋಗಬೇಕು. ಎರಡು ಪ್ರತಿ ಉಳಿದರೆ ಹಳೆಯ ತಪ್ಪು ಹೊಸದರೊಳಗೆ ನುಸುಳುತ್ತದೆ. ಹನ್ನೊಂದನೆಯ ಪುಟದವರೆಗೆ ಯಾರು ಓದಿದ್ದರೋ ದೇವರೇ ಬಲ್ಲ.

ಹೊಳೆ ದಾಟುವ ಅಧ್ಯಾಯ ಬರೆದವರು ಲಕ್ಷ್ಮೇಶ್ವರದ ಒಬ್ಬ ಬಳೆ ವ್ಯಾಪಾರಿ. ನಲವತ್ತರ ಆಸುಪಾಸಿನ ಮೆತ್ತಗಿನ ಮನುಷ್ಯ. ಅವರ ತಂಗಿಗೆ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಆಕೆಯನ್ನು ಗದಗಿಗೆ ಕರೆತರುತ್ತಿದ್ದರು. ನಾಲ್ಕು ತಾಸು ಆಕೆ ಅಲುಗಾಡದೆ ಮಲಗಬೇಕು. ಆ ನಾಲ್ಕು ತಾಸು ಅಣ್ಣ ಪಕ್ಕದ ಸ್ಟೂಲಿನ ಮೇಲೆ ಕೂತು ನಮ್ಮ ಆಟ ಆಡಿಸುತ್ತಿದ್ದರು. ದಾಳ ಹಾಸಿಗೆಯ ಮೇಲೆಯೇ ಉರುಳುತ್ತಿತ್ತು. ಅಧ್ಯಾಯದ ಉದಾಹರಣೆಯನ್ನು ಆ ಆಟದಿಂದಲೇ ತೆಗೆದು, ಒಂದು ನೋಟುಬುಕ್ಕಿನಲ್ಲಿ ಬರೆದು ತಂದರು. ಇದನ್ನೆಲ್ಲ ನೋಟುಬುಕ್ಕು ಕೊಡುವಾಗಲೇ ಹೇಳಿದ್ದರು. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ.

ಉದಾಹರಣೆಯೇ ಏಳು ಪುಟ ಇತ್ತು. ಆಚೆ ದಡದಲ್ಲಿ ಕಳ್ಳರು ನಿಂತಿದ್ದಾರೆ, ಈಚೆ ದಡದಲ್ಲಿ ವ್ಯಾಪಾರಿಯಾಗಿ ಆಡುವ ಈ ತಂಗಿ ಬುತ್ತಿಯ ಬಗ್ಗೆ, ಎತ್ತಿನ ಕೊರಳ ಗಂಟೆಯ ಬಗ್ಗೆ, ಆ ಕಳ್ಳರ ಮನೆಯ ಹೆಂಗಸರ ಬಗ್ಗೆ ಏನೇನೋ ಕೇಳುತ್ತ ಕೂತಿದ್ದಾಳೆ! ನನಗೆ ಮೈಯೆಲ್ಲ ಉರಿಯಿತು. "ಅಯ್ಯ ಶಿವನೇ, ಇದು ಆಟ ಕಲಿಸೋ ಪುಸ್ತಕೋ, ಬಾವಿಕಟ್ಟಿ ಹರಟಿಯೋ" ಎಂದು ಒಬ್ಬಳೇ ಗೊಣಗುತ್ತ ಗೆರೆ ಎಳೆದೆ. ಅದರಲ್ಲಿ ನಾಲ್ಕು ಪುಟಗಳ ಬರಹವಂತೂ ಕಾಗೆ ಕಾಲು ಗುಬ್ಬಿ ಕಾಲು. ಅಂಚಿನಲ್ಲಿ "ಅಕ್ಷರ ಸುಧಾರಿಸಿಕೊಳ್ಳಿ" ಎಂದು ಕೆಂಪಾಗಿ ಬರೆದೆ. ಕೊನೆಗೆ ಅಷ್ಟನ್ನೂ ಬಿಟ್ಟು, ಐದು ಸಾಲು ನಾನೇ ಹೊಸದಾಗಿ ಬರೆದು ಟೈಪ್ ಮಾಡಿದೆ.

ಮುಂದಿನ ಭಾನುವಾರ ಅವರು ಅಚ್ಚಾದ ಹಾಳೆ ಓದಿದರು. "ಛಲೋ ಆಗೇತ್ರಿ" ಅಂದರು. ಹಾಳೆಯನ್ನು ತಿರುವಿ ನೋಡಿ, "ಅಕಿ ಮಾತು ಭಾಳ ಉದ್ದ ಆಗಿತ್ತೇನ್ರಿ?" ಎಂದು ಕೇಳಿದರು.

"ಉದ್ದ ಅಷ್ಟ ಅಲ್ರಿ, ಅಡ್ಡಾದಿಡ್ಡಿ. ನಿಯಮ ಅಂದ್ರ ಎಲ್ಲಾರಿಗೂ ಒಂದ."

"ಖರೆ ಐತ್ರಿ" ಅಂದರು. ನೋಟುಬುಕ್ಕನ್ನು ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಆ ತಿಂಗಳ ರದ್ದಿಯ ಜೊತೆ ಅದೂ ಹೋಯಿತು.

ಎರಡು ತಿಂಗಳಿಗೆ ಆ ತಂಗಿ ತೀರಿಕೊಂಡಳು. ನಮ್ಮವರೆಲ್ಲ ಲಕ್ಷ್ಮೇಶ್ವರಕ್ಕೆ ಹೋಗಿಬಂದರು. ನಾನು ಮೊಣಕಾಲು ನೋವೆಂದು ಹೇಳಿಕಳಿಸಿ ಮನೆಯಲ್ಲೇ ಉಳಿದೆ. ನೋವು ಇತ್ತು, ಆದರೆ ಹೋಗಲಾರದಷ್ಟು ಇರಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಒಂದು ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಚಹಾ ಕುಡಿದು ಕಪ್ಪು ಕೆಳಗಿಟ್ಟು, "ಆ ನೋಟಬುಕ್ ಬೇಕಾಗಿತ್ರಿ ಅಕ್ಕಾರ" ಅಂದರು. "ಅದರಾಗ ನಾಕು ಪುಟ ಅಕೀನ ಬರದಿದ್ಲು. ಬಲಗೈಗೆ ಸೂಜಿ ಹಾಕಿರ್ತಿದ್ರು, ಹಂಗಾಗಿ ಎಡಗೈಲೆ ಬರದಿದ್ಲು. ಹಟ ಭಾಳ ಅಕಿದು. ನಮ್ಮ ಮನ್ಯಾಗ ಅಕಿ ಬರದದ್ದು ಬ್ಯಾರೆ ಏನೂ ಇಲ್ರಿ. ಆ ಪುಟದ್ದು ಒಂದು ಫೋಟೋನೂ ತಗದಿಟ್ಟಿಲ್ಲ, ನಿಮ್ಮ ಹತ್ರ ಐತಲ್ಲ ಅಂತ."

ಆ ನಾಲ್ಕು ಪುಟ, ಅವುಗಳ ಅಂಚಿನ ನನ್ನ ಕೆಂಪು ಅಕ್ಷರ ಕಣ್ಣಿಗೆ ಕಟ್ಟಿದವು. ರದ್ದಿಗೆ ಹಾಕಿದೆನೆಂದು ಹೇಳಿದೆ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. "ಹೌದಾ?" ಅಂದರು, ಅಷ್ಟೇ.

ಇಬ್ಬರೂ ಆಟೋ ಹಿಡಿದು ರದ್ದಿ ಅಂಗಡಿಗೆ ಹೋದೆವು. "ಆ ಮಾಲು ಹೋಗಿ ಭಾಳ ದಿನ ಆತ್ರಿ" ಅಂದ ಅಂಗಡಿಯವನು. "ಗಿರ್ಮಿಟ್ ಅಂಗಡಿಯವ್ರು ಚುರಮರಿ ಕಟ್ಟಾಕ ಒಂದಿಷ್ಟು ಒಯ್ತಾರ. ಉಳದದ್ದು ಕಾಗದದ ಕಾರ್ಖಾನಿಗೆ." ಆದರೂ ನಾನು ಕೇಳಲಿಲ್ಲ. ನೆಲಕ್ಕೆ ಕೂತು ಒಂದೊಂದೇ ಕಟ್ಟು ಬಿಚ್ಚಿಸಿದೆ. ಮಕ್ಕಳ ಪರೀಕ್ಷೆ ಪೇಪರು, ಹಳೆಯ ಪಂಚಾಂಗ, ಯಾರದೋ ಲಗ್ನಪತ್ರಿಕೆ. ಒಂದೂವರೆ ತಾಸಾದ ಮೇಲೆ ಅವರೇ, "ಸಾಕ್ ಏಳ್ರಿ ಅಕ್ಕಾರ, ಕೈಯೆಲ್ಲಾ ಧೂಳಾಗ್ಯಾವು" ಎಂದು ನನ್ನನ್ನು ಎಬ್ಬಿಸಿದರು. ನಾನು ಅತ್ತೆ. ಅಂಗಡಿಯವನು ನೀರು ತಂದುಕೊಟ್ಟ.

ಮನೆಗೆ ವಾಪಸು ಬಂದು ಕೂತೆವು. "ನೀವು ಎಲ್ಲಾನೂ ಎರಡೆರಡು ಸಲ ಓದ್ತೀರಲ್ರಿ" ಅಂದರು ಅವರು. "ನನಗ ಅಕಿ ಮಾತು ಅರ್ಧಾಮರ್ಧ ನೆನಪಾಗ್ತಾವು. ಮುಂದ ನಂದ ಮಾತು ಸೇರ್ಕೊಂಡಬಿಡತೈತಿ. ನಿಮಗ ಏನರ ನೆನಪದಾವೇನ್ರಿ?"

ಎಷ್ಟು ಕೆದಕಿದರೂ ಒಂದು ಮಾತೂ ಸಿಗಲಿಲ್ಲ. ನಾನು ಓದಿದ್ದು ತಪ್ಪು ಹುಡುಕಲು. ಎಲ್ಲೆಲ್ಲಿ ಗೆರೆ ಎಳೆದೆ ಎಂಬುದು ಗೊತ್ತು, ಗೆರೆಯ ಕೆಳಗೆ ಆಕೆ ಏನು ಹೇಳಿದ್ದಳೆಂಬುದು ಗೊತ್ತಿಲ್ಲ.

ಆಗ ಅವರು ಚೀಲದಿಂದ ಅಚ್ಚಾದ ಹಾಳೆ ತೆಗೆದು ನನ್ನ ಮುಂದೆ ಹಿಡಿದರು. "ಈ ಐದು ಸಾಲಿನ್ಯಾಗ ಅಕಿದು ಯಾವುದ್ರಿ?"

ಯಾವುದೂ ಅಲ್ಲ ಎನ್ನಬೇಕಿತ್ತು. ಎಂಥ ದೊಡ್ಡವರು ಬರೆದದ್ದಾದರೂ ತಪ್ಪನ್ನು ತಪ್ಪೆಂದೇ ಹೇಳಿದ ಬಾಯಿ ನನ್ನದು. ಅವರ ಮುಖ ನೋಡಿದೆ. ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು" ಅಂದೆ.

ಆಟಗಾರ ಎರಡು: ಮೊದಲು ಎತ್ತುಗಳು ನೀರು ಕುಡಿಯಲಿ, ನಂತರ ನಾವು ಹೊಳೆಯನ್ನು ದಾಟೋಣ.

ಅವರು ಓದಿದರು. ಮತ್ತೊಮ್ಮೆ ಮೆಲ್ಲಗೆ ಬಾಯಿಬಿಟ್ಟು ಓದಿದರು. ಕಣ್ಣೊರೆಸಿಕೊಂಡು, "ಹೌದ್ ನೋಡ್ರಿ, ಥೇಟ್ ಹಿಂಗ ಅಂತಿದ್ಲು" ಎಂದು ನಕ್ಕರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿಟ್ಟುಕೊಂಡು ಲಕ್ಷ್ಮೇಶ್ವರದ ಬಸ್ಸಿಗೆ ಹೊರಟರು.

ಆ ಸಾಲು ನನ್ನದು. ಆಕೆ ಹಾಗೆ ಮಾತಾಡುವವಳಾಗಿದ್ದರೆ ನಾನು ಗೆರೆ ಎಳೆಯುತ್ತಲೇ ಇರಲಿಲ್ಲ.