ತೂಕದ ಕೋಣೆಯ ಬಟನ್

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬಟನ್ ಮೇಷ್ಟ್ರು ಅಂದರೆ ಗೇಟಿನ ಕಾವಲುಗಾರನಿಗೂ ಗೊತ್ತು. ಹಾಗಂತ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹತ್ತನೇ ತರಗತಿಗೇ ಪುಸ್ತಕ ಮಡಚಿಟ್ಟು, ಬಣ್ಣದ ಡ್ರಮ್ಮು ಉರುಳಿಸಲು ಬಂದ ಮನುಷ್ಯ. ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದಾಗ ಉಳಿದವರು ಅದನ್ನು ಮಲಗಿದ ನಾಯಿಯನ್ನು ಬಳಸಿಕೊಂಡು ಹೋದಂತೆ ದೂರದಿಂದಲೇ ಹೋದರು. ಇವರು ಮಾತ್ರ ಊಟದ ಬಿಡುವಿನಲ್ಲಿ ಅದರ ಮುಂದೆ ಕೂತು, ಎರಡು ಬೆರಳಿನಲ್ಲಿ ಕೀಲಿ ಕುಟ್ಟಿ, ಬೈಸಿಕೊಂಡು, ಬಿದ್ದು ಎದ್ದು ಕಲಿತರು.

ಬಣ್ಣದ ಅಳತೆಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ಏರಿಸಿದ್ದು ಅವರೇ. ಅದಕ್ಕೊಂದು ಮ್ಯಾಕ್ರೋ ಬರೆದರು. ಮ್ಯಾಕ್ರೋ ಅಂದರೆ ಕಂಪ್ಯೂಟರಿಗೆ ಒಂದು ಸಲ ಹೇಳಿಕೊಟ್ಟ ಕೆಲಸ; ಆಮೇಲೆ ಕರೆದಾಗಲೆಲ್ಲ ಅದು ಚಾಚೂ ತಪ್ಪದೆ ಅದನ್ನೇ ಮಾಡುತ್ತದೆ. ಕರೆಯುವುದು ಸಲೀಸಾಗಲೆಂದು ಪರದೆಯ ಮೇಲ್ಗಡೆ, ಟೂಲ್‌ಬಾರಿನಲ್ಲಿ, ಒಂದು ಹಸಿರು ಬಟನ್ ಕೂರಿಸಿದರು. ಒತ್ತಿದರೆ ಬಣ್ಣದ ನಂಬರ್ ಕೇಳುತ್ತದೆ, ಬಟ್ಟೆಯ ತೂಕ ಕೇಳುತ್ತದೆ, ಯಾವ ಪುಡಿ ಎಷ್ಟು ಗ್ರಾಂ ಎಂದು ಚೀಟಿ ಹೊರಹಾಕುತ್ತದೆ. ಆ ದಿನದಿಂದ ಮೇಷ್ಟ್ರ ನಡಿಗೆಯೇ ಬದಲಾಯಿತು.

ತೂಕದ ಕೋಣೆಯ ಕಂಪ್ಯೂಟರಿನಲ್ಲಿ ಆ ಬಟನ್ ಒತ್ತಿ, ಚೀಟಿ ನೋಡಿ ಪುಡಿ ತೂಗುವವಳು ತಕ್ಕಡಿ ಅಕ್ಕ. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆ, ಅದೇ ಎತ್ತರದ ಸ್ಟೂಲು. ಪುಡಿ ಹಾರದಂತೆ ಫ್ಯಾನ್ ನಿಲ್ಲಿಸಿ, ಉಸಿರು ಹಿಡಿದು ತೂಗುತ್ತಿದ್ದಳು. ತೂಗಿದ ಬಕೆಟ್ಟಿಗೆ ಚೀಟಿ ಸಿಕ್ಕಿಸಿ ಕಳಿಸಿದರೆ, ತೊಟ್ಟಿಯ ಹತ್ತಿರ ಹೋಗುವಷ್ಟರಲ್ಲಿ ಅದು ಒದ್ದೆಯಾಗಿ ಮುದ್ದೆಯಾಗುತ್ತಿತ್ತು.

ಈ ವರ್ಷ ಏಳನೇ ನಂಬರಿನ ನೀಲಿ ಕೈಕೊಟ್ಟಿತು. ತಿಳಿ ನೀಲಿ ಬರಬೇಕಾದ ಬಟ್ಟೆ ಮೋಡ ಕವಿದಂತೆ ಕಪ್ಪಿಟ್ಟು ಬಂತು. ಮೊದಲ ಸಲ ತನ್ನದೇ ತಪ್ಪಿರಬೇಕೆಂದು ಅಕ್ಕ ಬಾಯಿ ಬಿಡಲಿಲ್ಲ. ಎರಡನೇ ಸಲಕ್ಕೆ ಕನ್ನಡಕ ಬದಲಾಯಿಸಿದಳು. ಮೂರನೇ ಸಲ, ಒಂದು ಶುಕ್ರವಾರ ಸಂಜೆ, ಮ್ಯಾನೇಜರ್ ತೊಟ್ಟಿಯ ಮುಂದೆ ಎಲ್ಲರನ್ನೂ ನಿಲ್ಲಿಸಿದರು.

"ಚೀಟೀಲಿ ಮುನ್ನೂರು ಗ್ರಾಂ ಅಂತಾನೇ ಇತ್ತು ಸಾರ್," ಅಂದಳು ಅಕ್ಕ. "ಈ ಸಲ ಎರಡೆರಡು ಸಲ ಗಟ್ಟಿಯಾಗಿ ಓದ್ಕೊಂಡೇ ತೂಗಿದೀನಿ."

"ಇನ್ನೂರ ನಲವತ್ತು," ಅಂದರು ಮೇಷ್ಟ್ರು. "ಹೊಸ ನೀಲಿ ಪುಡಿ ಖಡಕ್ಕು. ವರ್ಷದ ಮೊದಲಲ್ಲೇ ಅಳತೆ ಇಳಿಸಿದೀನಿ. ಈಗ್ತಾನೇ ನನ್ನ ಟೇಬಲ್ ಮೇಲೆ ಮ್ಯಾಕ್ರೋ ಓಡಿಸಿ ನೋಡ್ಕೊಂಡು ಬಂದೆ."

"ನನ್ನ ಕೋಣೇಲಿ ಒಂದ್ಸಲ ಒತ್ತಿ ನೋಡೋಣ ಬನ್ನಿ ಮೇಷ್ಟ್ರೇ."

"ಅಲ್ಲಿರೋದೂ ಅದೇ ಫೈಲು. ಮಿಷಿನ್ನಿಗೆ ವಯಸ್ಸಾಗಲ್ಲ ಅಕ್ಕಾ, ಕಣ್ಣಿಗೆ ಆಗುತ್ತೆ."

ಯಾರೋ ಕಿಸಕ್ಕೆಂದರು. ಸೋಮವಾರದಿಂದ ಅಕ್ಕ ಬಟ್ಟೆ ಮಡಚುವ ವಿಭಾಗಕ್ಕೆ ಹೋಗಲಿ ಎಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಅಕ್ಕ ಏಪ್ರನ್ನಿನ ಗಂಟು ಬಿಚ್ಚಲು ಹೋದಳು, ಅದು ಬಿಚ್ಚಿಕೊಳ್ಳಲಿಲ್ಲ. ಏಪ್ರನ್ ತೊಟ್ಟುಕೊಂಡೇ ಹೊರಟುಹೋದಳು.

ಮನೆಯಲ್ಲಿ ಮೇಷ್ಟ್ರು ಇದನ್ನೆಲ್ಲ ಹೆಂಡತಿಗೆ ಹೇಳಿದರು. ತಾವು ಗೆದ್ದ ಕತೆಯೆಂದೇ ಹೇಳಹೊರಟಿದ್ದರು.

"ಆಕೆ ಹೇಗೆ ಒತ್ತುತ್ತಾಳೆ ಅಂತ ಹೋಗಿ ನೋಡಿದ್ರಾ?" ಅಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

"ನೋಡೋಕೇನಿದೆ? ಬಟನ್ ಒತ್ತೋಕೂ ನಾನು ಹೋಗಿ ಬೆರಳು ಹಿಡೀಬೇಕಾ?"

"ಅಲ್ಲರೀ, ಕರೆದಳಂತೆ. ಎದ್ದು ಹೋಗೋಕೆ ನಿಮ್ಮ ಗಂಟೇನು ಹೋಗ್ತಿತ್ತು? ಮನೇಲೂ ಹೀಗೇ. ನಲ್ಲಿ ಸೋರ್ತಿದೆ ಅಂದ್ರೆ, ಕೂತಲ್ಲಿಂದಲೇ 'ಸೋರಲ್ಲ' ಅಂತೀರಿ."

ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಪಕ್ಕಕ್ಕೆ ತಿರುಗಿದರು. ಆದರೆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ತಾವು ಬಟನ್ ಒತ್ತಿ ಎಷ್ಟು ಕಾಲವಾಯಿತು? ಬಟನ್ನು ಕಲಿಯದವರಿಗೆ ಎಂಬುದು ಅವರ ಜಂಬ. ತಾವು ಓಡಿಸುವಾಗ ಮ್ಯಾಕ್ರೋಗಳ ಪಟ್ಟಿ ತೆರೆದು, ಅಲ್ಲಿಂದ ಹೆಸರು ಹಿಡಿದೇ ಓಡಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ತೂಕದ ಕೋಣೆಗೆ ಹೋದರು. ಅಕ್ಕ ತನ್ನ ಡಬ್ಬಿ, ಕುಂಚ, ಕರವಸ್ತ್ರ ಎಲ್ಲ ಒಂದು ಚೀಲಕ್ಕೆ ತುಂಬುತ್ತಿದ್ದಳು.

"ಒಂದ್ಸಲ ಒತ್ತಿ ತೋರಿಸು ಅಕ್ಕಾ."

"ನಿನ್ನೆ ಕರೆದಾಗ ಕಾಲು ನೋಯ್ತಿತ್ತಾ?"

ಮೇಷ್ಟ್ರು ಪರದೆಯ ಪಕ್ಕದಲ್ಲಿ ಕೂತರು. ಅಕ್ಕ ಈ ವರ್ಷದ ಫೈಲನ್ನೇ ತೆರೆದಳು. ಅವರ ಕಣ್ಣೆದುರೇ ಹಸಿರು ಬಟನ್ ಒತ್ತಿದಳು. ಪರದೆ ರೆಪ್ಪೆ ಬಡಿದಷ್ಟು ಹೊತ್ತು ಮಿನುಗಿತು. ಬಣ್ಣದ ನಂಬರ್ ಏಳು, ಬಟ್ಟೆ ನೂರು ಕಿಲೋ ಎಂದು ಕೊಟ್ಟಳು. ಚೀಟಿ ಬಂತು: ನೀಲಿ, ಮುನ್ನೂರು ಗ್ರಾಂ.

ಮೇಷ್ಟ್ರು ಪರದೆಯ ನೆತ್ತಿಯ ಮೇಲಿನ ಹೆಸರು ನೋಡಿದರು. ಅದು ಹೋದ ವರ್ಷದ ಫೈಲು. ಅಕ್ಕ ತೆರೆದಿದ್ದಲ್ಲ; ಬಟನ್ನೇ ಹೋಗಿ ಎಬ್ಬಿಸಿಕೊಂಡು ಬಂದಿತ್ತು.

ಆಗ ಎಲ್ಲ ಬಿಡಿಸಿಕೊಂಡಿತು. ವರ್ಷದ ಮೊದಲಲ್ಲಿ ತಾವೇ ಹಳೆ ಫೈಲಿನ ನಕಲು ತೆಗೆದು, ಹೊಸ ಹೆಸರಿಟ್ಟು, ಹೊಸ ಅಳತೆ ತುಂಬಿದ್ದರು. ಬಟನ್ನಿಗೆ ಮಾತ್ರ ಆ ಸುದ್ದಿ ಯಾರೂ ಹೇಳಿರಲಿಲ್ಲ. ಮೊದಲು ಯಾವ ಫೈಲಿನ ಮ್ಯಾಕ್ರೋಗೆ ಅದನ್ನು ಕಟ್ಟಿದ್ದರೋ ಅದರ ವಿಳಾಸವನ್ನೇ ಹಿಡಿದು ಕೂತಿತ್ತು. ಹಳೆಯದನ್ನು ಅಳಿಸಿದ್ದರೆ, ಫೈಲು ಸಿಗುತ್ತಿಲ್ಲವೆಂದು ಮೊದಲ ದಿನವೇ ಕೂಗಿಕೊಳ್ಳುತ್ತಿತ್ತು. ಆದರೆ ಮೇಷ್ಟ್ರು ಯಾವುದನ್ನೂ ಎಸೆಯುವವರಲ್ಲ. ಉಳಿದ ಬಣ್ಣಗಳ ಅಳತೆ ಎರಡರಲ್ಲೂ ಒಂದೇ ಇದ್ದುದರಿಂದ ನೀಲಿಯೊಂದೇ ಸಿಕ್ಕಿಬಿತ್ತು.

ಐದು ನಿಮಿಷದ ರಿಪೇರಿ. ಬಟನ್ನನ್ನು ಹೊಸ ಫೈಲಿಗೆ ಕಟ್ಟಿದರೆ ಮುಗಿಯಿತು, ಯಾರಿಗೂ ಗೊತ್ತಾಗದು. ಸೋಮವಾರ ಬೇರೆ ಯಾರೋ ತೂಗುತ್ತಾರೆ, ನೀಲಿ ತಿಳಿಯಾಗಿ ಬರುತ್ತದೆ, ಅಕ್ಕನ ಕಣ್ಣೇ ಹೋಗಿತ್ತೆಂದು ಲೋಕವೆಲ್ಲ ಒಪ್ಪುತ್ತದೆ. ಈ ಯೋಚನೆ ಅವರಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಬಂತು, ಸ್ವಲ್ಪ ಹೊತ್ತು ಕೂತೂ ಇತ್ತು. ಓದಿಲ್ಲದ ಮನುಷ್ಯ, ಇದ್ದ ಒಂದೇ ಹೆಸರು ಆ ಬಟನ್ನಿನದು.

"ಏನಾಯ್ತು? ಇಂಗು ತಿಂದ ಮಂಗನ ಹಾಗೆ ಕೂತಿದೀರಲ್ಲ," ಅಂದಳು ಅಕ್ಕ.

"ನಿನ್ನ ಕಣ್ಣು ಸರಿ ಇದೆ ಅಕ್ಕಾ. ತಪ್ಪು ನಂದು."

ಅಕ್ಕ ಸ್ಟೂಲಿನ ಮೇಲೆ ಕೂತಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ನನ್ನ ಹತ್ರ ಅಂದ್ರೆ ಏನು ಬಂತು? ಅನ್ನೋ ಕಡೆ ಅನ್ನಿ."

ಮೇಷ್ಟ್ರು ಆ ಚೀಟಿಯನ್ನು ಒದ್ದೆಯಾಗದಂತೆ ಜೇಬಿನಲ್ಲಿಟ್ಟುಕೊಂಡು ಮ್ಯಾನೇಜರ್ ಕೋಣೆಗೆ ನಡೆದರು. ಬಾಗಿಲು ಪೂರ್ತಿ ತೆಗೆದೇ ಇಟ್ಟು ಹೇಳಿದರು, ಹೊರಗಿನವರಿಗೂ ಕೇಳಿಸಿತು. ಮೂರು ಲಾಟು ಬಟ್ಟೆಗೆ ಬೈಗುಳ ತಿಂದರು. ಅಕ್ಕ ಎಲ್ಲಿದ್ದಳೋ ಅಲ್ಲೇ ಇರಲಿ ಅನ್ನುವ ಮಾತು ಪಡೆದೇ ಎದ್ದರು.

ಮಧ್ಯಾಹ್ನ ಕೂತು ಮ್ಯಾಕ್ರೋ ತಿದ್ದಿದರು. ಇನ್ನು ಮೇಲೆ ಫೈಲು ತೆರೆದಾಗ ತನ್ನ ಬಟನ್ನನ್ನು ತಾನೇ ಹುಟ್ಟಿಸಿಕೊಳ್ಳಬೇಕು, ಮುಚ್ಚುವಾಗ ಅಳಿಸಿಕೊಂಡು ಹೋಗಬೇಕು. ಚೀಟಿಯ ತಲೆಯ ಮೇಲೆ ಫೈಲಿನ ಹೆಸರೂ ಬೀಳಬೇಕು. ಹಳೆಯ ಫೈಲುಗಳನ್ನು ಆ ಕಂಪ್ಯೂಟರಿನಿಂದ ಒಂದೊಂದಾಗಿ ತೆಗೆದರು.

ಸೋಮವಾರ ಏಳನೇ ನಂಬರು ಮತ್ತೆ ಬಂತು. ಚೀಟಿಯಲ್ಲಿ ಇನ್ನೂರ ನಲವತ್ತು ಎಂದಿತ್ತು. ಅಕ್ಕ ತೂಗಲಿಲ್ಲ. ಸೀಮೆಸುಣ್ಣ ತೆಗೆದು ಆ ಅಂಕಿಯನ್ನು ಗೋಡೆಯ ಮೇಲೆ ದಪ್ಪಗೆ ಬರೆದು, ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಕಡೆ ನೋಡಿದಳು.

"ನಂಬಿಕೆ ಬರ್ಲಿಲ್ವಾ?"

"ಬರೋವರೆಗೂ ಬರೀತೀನಿ. ನೀವೂ ದಿನಾ ಬಂದು ಓದಿ."

ಮೇಷ್ಟ್ರು ಒಳಗೆ ಬಂದು, ಗೋಡೆಯ ಅಂಕಿಯನ್ನು ಪರದೆಯ ಅಂಕಿಯೊಂದಿಗೆ ಹೋಲಿಸಿ, ಗಟ್ಟಿಯಾಗಿ ಓದಿದರು. ಆಮೇಲೆ ಫ್ಯಾನಿನ ಸ್ವಿಚ್ಚು ತಾವೇ ಆರಿಸಿದರು. ಅಕ್ಕ ಉಸಿರು ಹಿಡಿದು ಪುಡಿಯ ಡಬ್ಬಿಗೆ ಕೈಹಾಕಿದಳು.