ಓದದೆ ಮಗುಚಿದ ಹಾಳೆಗಳು

ಹೋದ ತಿಂಗಳು ಒಂದು ಭಾನುವಾರ, ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳು ಬಂದು ಬಟ್ಟೆಯ ಚೀಲವೊಂದನ್ನು ನನ್ನ ಕೈಗಿಟ್ಟಳು. "ನಮ್ಮ ಸೋದರತ್ತಿ ಇದನ್ನ ನಿಮಗ ಮುಟ್ಟಸು ಅಂದಿದ್ರು ರೀ. ದಸರಾ ಮುಂದ ತೀರಿಕೊಂಡ್ರು," ಎಂದಳು. ರಾಯಚೂರಿನಿಂದ ಬೇರೆ ಕೆಲಸಕ್ಕೆ ಬಂದವಳು, ಚಹಾ ಕುಡಿದು ಹೊರಟುಹೋದಳು. ಚೀಲ ಬಿಚ್ಚಿದರೆ ಡಾಂಬರ ಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಒಳಗೆ ಒಂದು ಕಂಪನಿಯ ಹಳೆಯ ವಾರ್ಷಿಕ ವರದಿ. ರಕ್ಷಾಪುಟದ ಮೇಲೆ ಮೇಲ್ಸೇತುವೆಯ ಚಿತ್ರ. ಅದನ್ನು ನೋಡಿದ್ದೇ ತಡ, ಚೀಲದ ಬಾಯಿ ಮುಚ್ಚಿ ಕಪಾಟಿನ ಮೇಲಿಟ್ಟೆ. ಎಂಟು ದಿನ ಆ ಕಡೆ ತಲೆ ಎತ್ತಲಿಲ್ಲ. ಇಂಥ ವಿಷಯಗಳಲ್ಲಿ ನಾನು ಮೊದಲಿನಿಂದಲೂ ಹೇಡಿ.

ಆ ಅತ್ತಿಯನ್ನು ನಾನು ಕಾಕೂ ಎಂದು ಕರೆಯುತ್ತಿದ್ದೆ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ. ನೆಂಟಸ್ತಿಕೆಯೇನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಕಾಚಿಗೂಡದ ಹಳೆಯ ಮನೆಯೊಂದರ ಕೆಳಗಿನ ಭಾಗದಲ್ಲಿ ನಾವಿದ್ದೆವು, ಮೇಲೆ ಅವರೊಬ್ಬರೇ ಇದ್ದರು. ಸರ್ಕಾರಿ ಕಚೇರಿಯೊಂದರಲ್ಲಿ ಲೆಕ್ಕ ತಪಾಸಣೆ ಮಾಡಿ ಮಾಡಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಇಡೀ ಗಲ್ಲಿಯಲ್ಲಿ ಯಾರಿಗೂ ಇರಲಿಲ್ಲ. ತರಕಾರಿಯವನ ಜೊತೆ ತೆಲುಗು, ಹಾಲಿನವನ ಜೊತೆ ಹಿಂದಿ, ನನ್ನ ಜೊತೆ ರಾಯಚೂರು ಕಡೆಯ ಕನ್ನಡ. ಮೂರರಲ್ಲೂ ಗದರುವ ದನಿ ಮಾತ್ರ ಒಂದೇ.

ಗಲ್ಲಿಯಲ್ಲಿ ಯಾರಾದರೂ ಷೇರು ಕೊಳ್ಳುವುದಿರಲಿ, ಕಂಪನಿಯೊಂದರಲ್ಲಿ ಠೇವಣಿ ಇಡುವುದಿರಲಿ, ಮೊದಲು ಆ ಕಂಪನಿಯ ವರದಿ ಹಿಡಿದುಕೊಂಡು ಕಾಕೂ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಅವರು ವರದಿಯನ್ನು ಮುಂದಿನಿಂದ ತೆರೆದದ್ದನ್ನು ನಾನು ನೋಡಿಲ್ಲ. "ಮುಂದಿಂದೆಲ್ಲಾ ಮದುವಿ ಆಲ್ಬಮ್ ಇದ್ದಂಗ ತಂಗಿ. ಎಲ್ಲಾರೂ ನಗತಿರ್ತಾರ. ಹಿಂದಿಂದ ತೆರಿ," ಎನ್ನುತ್ತಿದ್ದರು. ಹಿಂದೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿಗಳಿರುತ್ತವೆ. ಅಲ್ಲಿ ಅವರು ಮೊದಲು ಹುಡುಕುತ್ತಿದ್ದದ್ದು, ಕಂಪನಿಯ ಸ್ವಂತ ಹಣ ಒಂದು ರೂಪಾಯಿ ಇದ್ದರೆ ಸಾಲದ ಹಣ ಎಷ್ಟು ಎಂಬುದನ್ನು. ಆಮೇಲೆ ವರ್ಷದ ಗಳಿಕೆ ಆ ಸಾಲದ ಬಡ್ಡಿಗೆ ಎಷ್ಟು ಸಲ ಸಾಕಾಗುತ್ತದೆ, ಈ ವರ್ಷವೇ ತೀರಿಸಬೇಕಾದದ್ದೆಷ್ಟು, ಅದಕ್ಕೆ ಕೈಯಲ್ಲಿ ದುಡ್ಡಿದೆಯೇ... ಕೊನೆಗೆ, ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು, ಜಾಮೀನು. "ತನ್ನ ಸಾಲ ಕಡಿಮಿ ಅಂತ ಹೇಳ್ಕೋಳೂದು, ಮಂದಿ ಸಾಲಕ್ಕ ಹೆಬ್ಬಟ್ಟು ಒತ್ತಿ ಕೂಡೂದು. ಅಂಥಾವ್ರನ್ನ ಭಾಳ ನೋಡೀನಿ ನಾ."

ಅವರ ಕೈಯಲ್ಲಿ ಸದಾ ಒಂದು ಪೆನ್ಸಿಲ್, ಒಂದು ತುದಿ ಕೆಂಪು, ಇನ್ನೊಂದು ನೀಲಿ. ಅನುಮಾನ ಬಂದ ಕಡೆ ಕೆಂಪು ಗೆರೆ, ಪಕ್ಕದಲ್ಲಿ "ಕೇಳಬೇಕು" ಎಂದು ಬರೆದು ಅವತ್ತಿನ ತಾರೀಖು. ವಿಚಾರಿಸಿ ಸರಿಯಾದ ಉತ್ತರ ಸಿಕ್ಕ ಮೇಲೆ ಅದರ ಮೇಲೆ ನೀಲಿ ಟಿಕ್, ಮತ್ತೆ ತಾರೀಖು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಅರ್ಧಂಬರ್ಧ ಉತ್ತರಕ್ಕೆ ನೀಲಿ ಬೀಳುತ್ತಿರಲಿಲ್ಲ. ಮೂಲೆಯ ಔಷಧಿ ಅಂಗಡಿಯವರು ತಂದ ವರದಿಯೊಂದರಲ್ಲಿ ಹನ್ನೊಂದು ಕೆಂಪು ಗೆರೆ ಉಳಿದು, ಅವರು ಸಿಟ್ಟಿನಿಂದ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಆ ಕಂಪನಿ ಬಾಗಿಲು ಹಾಕಿದ ದಿನ ಅರ್ಧ ಕಿಲೋ ಮಿಠಾಯಿ ಹಿಡಿದು ಬಂದರು.

ನಾನೋ, ಸಿಕಂದರಾಬಾದಿನ ಜೂನಿಯರ್ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಪಾಠ ಹೇಳುತ್ತಿದ್ದವಳು. ಬ್ಯಾಲೆನ್ಸ್ ಶೀಟನ್ನು ಕಣ್ಣುಮುಚ್ಚಿ ಹಲಗೆಯ ಮೇಲೆ ಬರೆಯಬಲ್ಲೆ ಎಂಬ ಜಂಬ ಬೇರೆ. ಕಾಕೂ ಅದನ್ನು ಗುರುತಿಸಿ, "ಏನ್ರೀ ಪ್ರೊಫೆಸರ್ ಬಾಯಾರ," ಎಂದು ಕಾಡಿಸುತ್ತಿದ್ದರು.

ನಗರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ, ನಮ್ಮ ಮನೆಯ ಮಾಲೀಕರು ಕಟ್ಟಡವನ್ನು ಬಿಲ್ಡರಿಗೆ ಕೊಡುವುದೆಂದು ತೀರ್ಮಾನಿಸಿದರು. ಹಳೆಯ ಬಾಡಿಗೆದಾರರೆಂಬ ದಾಕ್ಷಿಣ್ಯಕ್ಕೆ, ಹೊಸ ಕಟ್ಟಡದಲ್ಲಿ ಒಂದು ಸಣ್ಣ ಫ್ಲ್ಯಾಟನ್ನು ಕಡಿಮೆ ಬೆಲೆಗೆ ಕೊಡುವುದಾಗಿ ಕಾಕೂಗೆ ಮಾತು ಕೊಟ್ಟರು. ಎರಡು ವರ್ಷದ ಗಡುವು. ಕಾಕೂ ಕೂಡಿಟ್ಟದ್ದಕ್ಕೂ ಆ ಬೆಲೆಗೂ ಸ್ವಲ್ಪ ಅಂತರವಿತ್ತು. ರಾಯಚೂರಿನ ತಮ್ಮ ತನ್ನ ಮನೆಗೆ ಬಂದುಬಿಡು ಎಂದು ಕರೆಯುತ್ತಲೇ ಇದ್ದ. "ತಮ್ಮನ ಮನ್ಯಾಗ ಊಟಕ್ಕೇನು ಕಡಿಮಿ ಇಲ್ಲ ತಂಗಿ. ಆದ್ರ ಕದಾ ನಂದಲ್ಲ," ಎಂದಿದ್ದರು ಒಮ್ಮೆ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೇಲ್ಸೇತುವೆ ಕಟ್ಟುವ ಕಂಪನಿಯೊಂದು ಆಗ ಬ್ಯಾಂಕಿಗಿಂತ ಹೆಚ್ಚು ಬಡ್ಡಿಗೆ ಠೇವಣಿ ಕರೆದಿತ್ತು. ಒಂದು ವರ್ಷ ಮುಟ್ಟುವಂತಿಲ್ಲ. ಎರಡು ವರ್ಷ ಇಟ್ಟರೆ ಅಂತರ ತುಂಬಿ ಫ್ಲ್ಯಾಟಿನ ಬೆಲೆ ಹೊಂದುತ್ತಿತ್ತು. ಕಾಕೂ ವರದಿ ತರಿಸಿಕೊಂಡರು. ಆದರೆ ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬರುವ ತನಕ ಆಪರೇಷನ್ ಆಗದು ಎಂದಿದ್ದರು ಡಾಕ್ಟರು. ಠೇವಣಿಗೆ ತಿಂಗಳ ಕೊನೆಯೇ ಕಡೆಯ ದಿನ. "ನೀ ಓದು, ನಾ ಕೇಳತೀನಿ," ಎಂದರು.

ನಾಲ್ಕು ಸಂಜೆ ಓದಿದೆ. ಸಾಲ ಎಷ್ಟು, ಬಡ್ಡಿ ಎಷ್ಟು ಎಂದು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಬಾಯಿಲೆಕ್ಕ ಹಾಕುತ್ತಿದ್ದರು. ಎಲ್ಲ ಅಚ್ಚುಕಟ್ಟಾಗಿತ್ತು. ಸಾಲ ಸ್ವಂತ ಹಣಕ್ಕಿಂತ ಕಡಿಮೆಯೇ. ಐದನೆಯ ಸಂಜೆ ನನಗೆ ತಲೆನೋವು. ಕೆಳಗೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು, ಊರಿಂದ ಬಂದ ಅತ್ತೆ, ಒಲೆಯ ಮೇಲೆ ಬೇಳೆ. ನಿಜ ಹೇಳಬೇಕೆಂದರೆ ಅವು ಯಾವುವೂ ಕಾರಣವಲ್ಲ. ನನಗೆ ಬೇಸರ ಬಂದಿತ್ತು. ಇಷ್ಟು ಒಳ್ಳೆಯ ಲೆಕ್ಕವಿರುವ ಕಂಪನಿಯಲ್ಲಿ ಇನ್ನೇನು ಹುಡುಕುತ್ತಾರೆ ಈ ಮುದುಕಿ ಎನ್ನಿಸಿತ್ತು. ಕೊನೆಯ ನಾಲ್ಕು ಹಾಳೆಗಳನ್ನು ಒಟ್ಟಿಗೆ ಹಿಡಿದು ಮಗುಚಿದೆ. ಕಾಗದದ ಸಪ್ಪಳ ಅವರಿಗೆ ಕೇಳಿಸಿರಲೇಬೇಕು...

"ಜಾಮೀನು ಗೀಮೀನು ಏನರ ಐತೇನು?" ಎಂದರು.

"ಏನೂ ಇಲ್ಲರಿ ಕಾಕೂ," ಎಂದೆ.

ಮರುದಿನವೇ ಅವರು ಠೇವಣಿ ಇಟ್ಟು ಬಂದರು. ಹೊಸ ಮನೆಯ ಬಾಗಿಲಿಗೆ ಹಿತ್ತಾಳೆಯ ಚಿಲಕವೇ ಬೇಕೆಂದು ಅವತ್ತೇ ನನ್ನ ಬಳಿ ಹೇಳಿದರು.

ದೀಪಾವಳಿ ಕಳೆದ ಮೇಲೆ ಒಂದು ಕಣ್ಣಿನ ಆಪರೇಷನ್ ಆಯಿತು, ಹೊಸ ವರ್ಷಕ್ಕೆ ಕನ್ನಡಕ ಬಂತು. ಸಂಕ್ರಾಂತಿಯ ಸಂಜೆ ಕುಸುರೆಳ್ಳು ಹಿಡಿದು ಮೇಲೆ ಹೋದೆ. ನಮ್ಮ ಕಡೆ ಅವತ್ತು ಎಳ್ಳು ಕೊಟ್ಟು ತೆಗೆದುಕೊಂಡರೆ ವರ್ಷದ ಮನಸ್ತಾಪವೆಲ್ಲ ಅಲ್ಲಿಗೇ ತೀರಬೇಕು, ಮಾತು ಬಿಟ್ಟವರೂ ಅವತ್ತು ಮಾತಾಡಬೇಕು. ಕಾಕೂ ನನ್ನ ಎಳ್ಳು ತೆಗೆದುಕೊಂಡರು, ತಮ್ಮ ಡಬ್ಬಿಯಿಂದ ನನ್ನ ಅಂಗೈಗೆ ಹಾಕಿದರು. ಹಾಕಿದವರು ಕೈ ಬಿಡಲಿಲ್ಲ.

"ತಂಗಿ, ಅವತ್ತ ಆ ವರದಿ ಪೂರ್ತಿ ಓದಿದ್ದಿ ಅಲ್ಲಾ? ಏನೂ ಬಿಟ್ಟಿಲ್ಲಲ್ಲ?"

"ಇಲ್ಲರಿ ಕಾಕೂ. ಎಲ್ಲಾ ಓದೀನಿ."

ಹೊಸ ಕನ್ನಡಕದ ಹಿಂದಿನ ಆ ಕಣ್ಣು ನನ್ನ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಿತು. "ಆತು ಬಿಡು," ಎಂದು ಕೈ ಬಿಟ್ಟರು. ಎಳ್ಳು ಬಾಯಿಗೆ ಹಾಕಿಕೊಂಡು ಕೆಳಗಿಳಿದು ಬಂದೆ. ಸಿಹಿಯಾಗಿಯೇ ಇತ್ತು ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಬೇಸಿಗೆಯಲ್ಲಿ ಆ ಕಂಪನಿ ಬಡ್ಡಿ ನಿಲ್ಲಿಸಿತು. ಆಮೇಲೆ ಅಸಲೂ ಇಲ್ಲ ಎಂದಾಯಿತು. ಅದರ ಸ್ವಂತ ಸಾಲ ಕಡಿಮೆಯಿದ್ದದ್ದು ನಿಜ. ಆದರೆ ಅದೇ ಮಾಲೀಕರ ಇನ್ನೊಂದು ಕಂಪನಿ ತೆಗೆದ ದೊಡ್ಡ ಸಾಲಕ್ಕೆ ಇದು ಜಾಮೀನು ನಿಂತಿತ್ತು. ಆ ಕಂಪನಿ ಬಿತ್ತು, ಇದನ್ನೂ ಎಳೆದುಕೊಂಡು ಬಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಪತ್ರಿಕೆಯಲ್ಲಿ ಓದಿ. ಮೇಲೆ ಹೋಗಿ ಹೇಳಿಬಿಡಬೇಕೆಂದು ಅರ್ಧ ಮೆಟ್ಟಿಲು ಹತ್ತಿ ಎಷ್ಟು ಸಲ ಇಳಿದೆನೋ ಲೆಕ್ಕವಿಲ್ಲ.

ಕಟ್ಟಡ ಕೆಡವುವ ಮುಂಚೆ ಕಾಕೂ ರಾಯಚೂರಿಗೆ ಹೊರಟರು. ಕಾಚಿಗೂಡ ಸ್ಟೇಷನ್ನಿಗೆ ನಾನೇ ಕಳಿಸಲು ಹೋಗಿದ್ದೆ. ಒಂದು ಟ್ರಂಕು, ಎರಡು ಚೀಲ. ಕಿಟಕಿಯ ಪಕ್ಕ ಕೂತು, ಸೆರಗು ಹೊದ್ದು, ಯಾರದೋ ಮನೆಗೆ ಹೊರಟ ಅತಿಥಿಯ ಹಾಗೆ ಕಾಣುತ್ತಿದ್ದರು. ಗಾಡಿ ಅಲುಗುವಾಗ, "ಹುಡುಗ್ರಿಗೆ ಹಿಂದಿಂದ ಓದಾಕ ಕಲಿಸು," ಎಂದರು. ನಾನು ತಲೆಯಾಡಿಸಿದೆ. ಅಷ್ಟೇ. ಆಮೇಲೆ ವರ್ಷಕ್ಕೊಮ್ಮೆ ಫೋನು, ಅದೂ ನಿಂತುಹೋಯಿತು. ನಿಲ್ಲಿಸಿದವಳು ನಾನೇ.

ಒಂಬತ್ತನೆಯ ದಿನ ಕಪಾಟಿನಿಂದ ಚೀಲ ಇಳಿಸಿದೆ. ವರದಿಯನ್ನು ಹಿಂದಿನಿಂದ ತೆರೆದೆ. ನಾನು ಅವತ್ತು ಮಗುಚಿದ್ದ ನಾಲ್ಕು ಹಾಳೆಗಳು ತಾವಾಗಿಯೇ ಬಿಚ್ಚಿಕೊಂಡವು, ಅಷ್ಟು ಸಲ ಯಾರೋ ಅಲ್ಲೇ ತೆರೆದಿದ್ದರು. ಮೂರನೆಯದರ ನಡುವೆ ಆ ಜಾಮೀನಿನ ಸಾಲು, ಕಂಪನಿಯ ಸ್ವಂತ ಹಣದ ಮೂರು ಪಟ್ಟು. ಅದರ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಕಾಕೂ ಕೈಬರಹ: "ತಂಗೀನ ಕೇಳಬೇಕು." ತಾರೀಖು ಆ ವರ್ಷದ ಸಂಕ್ರಾಂತಿಗೆ ಎರಡು ದಿನ ಮೊದಲಿನದು.

ನನ್ನ ಕೈ ಹಿಡಿದು ಕೇಳಿದಾಗ ಅವರಿಗೆ ಎಲ್ಲ ಗೊತ್ತಿತ್ತು. ಠೇವಣಿ ವರ್ಷ ತುಂಬುವ ತನಕ ಯಾರ ಕೈಗೂ ಸಿಗುವಂತಿರಲಿಲ್ಲ, ಅದೂ ಗೊತ್ತಿತ್ತು. ಅವರು ಕೇಳಿದ್ದು ದುಡ್ಡಿಗಾಗಿ ಅಲ್ಲ.

ಆ ಕೆಂಪು ಅಕ್ಷರದ ಮೇಲೆ ಒಂದು ನೀಲಿ ಟಿಕ್ ಇತ್ತು. ಅದರ ತಾರೀಖು ಸಂಕ್ರಾಂತಿಯದು.

ಸುಳ್ಳು ಉತ್ತರಕ್ಕೆ ಆ ಕೈ ಜೀವಮಾನದಲ್ಲಿ ನೀಲಿ ಹಾಕಿರಲಿಕ್ಕಿಲ್ಲ. ನನಗೊಬ್ಬಳಿಗೇ ಹಾಕಿದೆ. ಕ್ಷಮಿಸಿ ಹಾಕಿದರೋ, ಇವಳಿಂದ ಇನ್ನು ಉತ್ತರ ಬರುವುದಿಲ್ಲ ಎಂದು ಕೈಬಿಟ್ಟರೋ... ಕೇಳಲು ಅವರಿಲ್ಲ. ಅವರ ತಮ್ಮನ ಮನೆಯ ಯಾವ ಕೋಣೆಯಲ್ಲಿ ಇಷ್ಟು ವರ್ಷ ಇದನ್ನು ಡಾಂಬರ ಗುಳಿಗೆ ಹಾಕಿ ಕಾಪಾಡಿಟ್ಟಿದ್ದರೋ, ಅದೂ ನನಗೆ ಗೊತ್ತಿಲ್ಲ.

ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಆ ನಾಲ್ಕು ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಸಾಲೂ ಬಿಡದೆ, ಗಟ್ಟಿಯಾಗಿ ಓದಿದೆ. ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ಮುಗಿದ ಮೇಲೆ, "ಕಾಕೂ, ಅವತ್ತ ಇದನ್ನ ನಾ ಓದಿರಲಿಲ್ಲರಿ," ಎಂದೆ.